ಹಣಕ್ಕೊಂದು ಬೇಲಿ

ಬೀದರ್ ಜಿಲ್ಲೆಯ ಕಮಠಾಣದ ಸುತ್ತಿನ ಹೊಲಗಳಲ್ಲಿ ಮುಂಗಾರಿಗೆ ಸೋಯಾ ಬಿತ್ತುವಾಗ ನಡುನಡುವೆ ತೊಗರಿಯ ಸಾಲು ಹಾಕುತ್ತಾರೆ. ರಾಶಿಯ ಹೊತ್ತಿಗೆ ಮಳೆ ಹಿಡಿದು ಸೋಯಾ ಕಾಯಿ ಗಿಡದಲ್ಲೇ ಮೊಳೆತರೂ ತೊಗರಿ ಕೈ ಹಿಡಿಯುತ್ತದೆ. ತೊಗರಿಗೆ ನೆಟೆ ರೋಗ ಬಡಿದರೆ ಅಷ್ಟೊತ್ತಿಗೆ ಸೋಯಾ ಚೀಲ ಸೇರಿರುತ್ತದೆ. ಕೇಳುಗರೇ, ಇವತ್ತು ನಾನು ಹೇಳಹೊರಟಿರುವ ಹೆಡ್ಜ್ ಫಂಡ್‌ ಹುಟ್ಟಿದ್ದೂ ಇಂಥದೇ ಲೆಕ್ಕದಿಂದ. ಹೆಡ್ಜ್ ಅಂದರೆ ಬೇಲಿ.

ಷೇರುಪೇಟೆಯಲ್ಲಿ ಆ ಬೇಲಿ ಕಟ್ಟಿದವರು ಅಮೆರಿಕದ ಆಲ್ಫ್ರೆಡ್ ವಿನ್ಸ್‌ಲೋ ಜೋನ್ಸ್. ಓದಿದ್ದು ಸಮಾಜಶಾಸ್ತ್ರ, ಬರೆಯುತ್ತಿದ್ದುದು ಫಾರ್ಚೂನ್ ಪತ್ರಿಕೆಗೆ. 1949ರಲ್ಲಿ ಒಂದು ಲಕ್ಷ ಡಾಲರ್ ಕೂಡಿಸಿ ಸಂಸ್ಥೆ ತೆರೆದರು. ಅದರಲ್ಲಿ 40 ಸಾವಿರ ಅವರ ಸ್ವಂತದ್ದು. ಏರುವ ಷೇರನ್ನು ಎಲ್ಲರೂ ಕೊಳ್ಳುತ್ತಾರೆ. ಜೋನ್ಸ್ ಅದರ ಜೊತೆಗೆ ಇನ್ನೊಂದು ಮಾಡಿದರು. ನೆರೆಯವರಿಂದ ಒಂದು ಚೀಲ ತೊಗರಿ ಕೈಗಡ ತಂದು ಇವತ್ತಿನ ದರಕ್ಕೆ ಮಾರಿ, ದರ ಇಳಿದಾಗ ಅಷ್ಟೇ ತೊಗರಿ ಕೊಂಡು ಹಿಂತಿರುಗಿಸಿದರೆ ನಡುವೆ ಉಳಿದ ಹಣ ನಮ್ಮದು, ಅಲ್ಲವೇ? ಇಳಿಯಬಹುದಾದ ಷೇರುಗಳನ್ನು ಅವರು ಹೀಗೆ ಎರವಲು ತಂದು ಮಾರಿದರು. ಪೇಟೆ ಕುಸಿದರೆ ಒಂದು ಕಡೆ ಹೋದದ್ದು ಇನ್ನೊಂದು ಕಡೆಯಿಂದ ಬರುತ್ತಿತ್ತು. ಲಾಭ ಬಂದರೆ ನೂರಕ್ಕೆ 20 ಅವರ ಪಾಲು. ಬರದಿದ್ದರೆ ಏನೂ ಇಲ್ಲ. ತನ್ನ ಗಂಟನ್ನೂ ಜೊತೆಗಿಟ್ಟು ದುಡಿದ ಈ ರೀತಿ ನನಗೆ ತುಂಬ ಹಿಡಿಸುತ್ತದೆ.

1966ರಲ್ಲಿ ಪತ್ರಕರ್ತೆ ಕ್ಯಾರಲ್ ಲೂಮಿಸ್ ಫಾರ್ಚೂನ್‌ನಲ್ಲಿ ಈ ಗುಟ್ಟನ್ನು ಬರೆದದ್ದೇ ತಡ, ಅನುಕರಿಸುವವರು ಸಾಲುಗಟ್ಟಿದರು. ಹಲವರು ಬೇಲಿಯನ್ನೇ ಮರೆತು ಸಾಲದ ಹಣ ಸುರಿದರು. 1969-70ರ ಇಳಿತದಲ್ಲಿ ಎಷ್ಟೋ ಸಂಸ್ಥೆಗಳು ಮುಚ್ಚಿದವು. 1994ರಲ್ಲಿ ಶುರುವಾದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಹೆಡ್ಜ್ ಫಂಡಿನದು ಇನ್ನೂ ದೊಡ್ಡ ಕಥೆ. ಅದರ ಪಾಲುದಾರರಲ್ಲಿ ಇಬ್ಬರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕೈಯಲ್ಲಿದ್ದ ಒಂದು ಡಾಲರಿಗೆ ಸುಮಾರು 25 ಡಾಲರ್ ಸಾಲ. 1998ರ ಆಗಸ್ಟ್‌ನಲ್ಲಿ ರಷ್ಯಾ ಸಾಲ ತೀರಿಸಲಾರೆ ಎಂದಾಗ ಪೇಟೆಗಳು ಅಲುಗಾಡಿ ಅದರ ಲೆಕ್ಕವೆಲ್ಲ ತಲೆಕೆಳಗಾಯಿತು. ಮುಂದಿನ ತಿಂಗಳೇ 14 ಬ್ಯಾಂಕುಗಳು ಸೇರಿ 360 ಕೋಟಿ ಡಾಲರ್ ಹಾಕಿ ಈ ಸಂಸ್ಥೆಯನ್ನು ಹಿಡಿದು ನಿಲ್ಲಿಸಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ನಮ್ಮ ದೇಶದಲ್ಲಿ ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ 2012ರಲ್ಲಿ ಇಂಥ ಫಂಡುಗಳಿಗೆ ನಿಯಮ ಮಾಡಿತು. ಒಳಗೆ ಹೋಗಲು ಕನಿಷ್ಠ ಒಂದು ಕೋಟಿ ರೂಪಾಯಿ ಬೇಕು. ಇತ್ತ ರೈತರಿಗೆ ಬೇಲಿಯಾಗಬಹುದಾಗಿದ್ದದ್ದು ವಾಯಿದಾ ವ್ಯಾಪಾರ, ಅಂದರೆ ಮುಂದೆ ಕೊಡುವ ಮಾಲಿಗೆ ಇವತ್ತೇ ದರ ಕಟ್ಟುವುದು. ತೊಗರಿ, ಉದ್ದಿನದು 2007ರ ಜನವರಿಯಲ್ಲಿ ನಿಂತಿತು. ಸೋಯಾದ್ದು 2021ರ ಡಿಸೆಂಬರಿನಲ್ಲಿ. ಬೆಲೆ ಏರುತ್ತದೆಂಬ ಭಯಕ್ಕೆ ತಂದ ತಡೆ ಅದು. ಬೆಲೆ ಬೀಳುವ ಭಯವೂ ಒಂದಿದೆ, ಅದನ್ನು ಹೊರುವವರು ರೈತರು. ಅವರ ಕೈಯಲ್ಲಿರುವುದು ಕೂರಿಗೆ ಒಂದೇ: ಇಷ್ಟು ಸಾಲು ಸೋಯಾ, ಆಮೇಲೆ ಒಂದು ಸಾಲು ತೊಗರಿ.