ಪಕ್ಕದ ಹೋಟೆಲಿನ ದೋಸೆ ಆ್ಯಪ್‌ನಲ್ಲಿ ತರಿಸಿದರೆ ಯಾರಿಗೆ ಲಾಭ?

ಇವತ್ತು ಮುಂಬೈಯ ಉಡುಪಿ ಹೋಟೆಲುಗಳ ಬಗ್ಗೆ ಮಾತಾಡೋಣ. ರುಚಿಯ ಬಗ್ಗೆ ಬೇಕಾದಷ್ಟು ಜನ ಮಾತಾಡಿದ್ದಾರೆ. ನಾನು ಸಾಫ್ಟ್‌ವೇರ್‌ನವನು, ಲೆಕ್ಕದ ಕಡೆಯಿಂದ ಬರ್ತೀನಿ. ಪ್ರಶ್ನೆ ಒಂದೇ: ಮನೆ ಹತ್ತಿರದ ಹೋಟೆಲಿನಿಂದ ನೀವು ಆ್ಯಪ್‌ನಲ್ಲಿ ಮಸಾಲೆ ದೋಸೆ ತರಿಸಿದರೆ ಆ ಹೋಟೆಲಿನವರಿಗೆ ಲಾಭವೋ, ನಷ್ಟವೋ?

ಮೊದಲು, ಈ ಹೋಟೆಲುಗಳು ಅಷ್ಟು ಅಗ್ಗದಲ್ಲಿ ನಡೆದದ್ದು ಹೇಗೆ? ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ್ದು 1942ರಲ್ಲಿ. ಆ ತಲೆಮಾರಿನ ಹೋಟೆಲುಗಳಿಗೆ ಮೂರು ಆಸರೆ ಇದ್ದವು. ಒಂದು, ಬಾಡಿಗೆ. 1947ರ ಬಾಡಿಗೆ ಕಾಯ್ದೆ ಹಳೇ ಕಟ್ಟಡಗಳ ಬಾಡಿಗೆ ಏರದಂತೆ ಕಟ್ಟಿಹಾಕಿತು. ಪಗಡಿ ಕೊಟ್ಟು ಒಳಗೆ ಬಂದವರಿಗೆ ಆಮೇಲೆ ತಿಂಗಳ ಬಾಡಿಗೆ ಅಲ್ಪ. 1999ರ ಹೊಸ ಕಾಯ್ದೆ ಕೂಡ ವರ್ಷಕ್ಕೆ ಶೇ. 4ರಷ್ಟು ಏರಿಕೆಗೆ ಮಾತ್ರ ದಾರಿ ಬಿಟ್ಟಿತು. ಎರಡು, ಊರಿನ ಹುಡುಗರು. ಹೋಟೆಲಿನಲ್ಲೇ ದುಡಿದು, ಉಂಡು, ಮಲಗಿ, ಸಂಜೆ ರಾತ್ರಿ ಶಾಲೆಗೆ ಹೋಗ್ತಿದ್ದರು. ಮೂರು, ವೇಗ. ಒಂದೇ ಮೇಜಿಗೆ ನಾಲ್ಕು ಜನ ಅಪರಿಚಿತರು, ತಿಂದರು, ಎದ್ದರು.

ಈಗ ಹಳೇ ಕಟ್ಟಡಗಳು ರೀಡೆವಲಪ್‌ಮೆಂಟಿಗೆ ಹೋಗ್ತಿವೆ. ಆ ಹುಡುಗರ ಮಕ್ಕಳು ನಮ್ಮ ಜೊತೆ ಆಫೀಸಿನಲ್ಲಿ ಕೂತಿದ್ದಾರೆ. ಉಳಿದದ್ದು ಮೂರನೆಯದು, ವೇಗದ ವ್ಯಾಪಾರ. ಆ್ಯಪ್ ಕೈ ಹಾಕಿದ್ದು ಅದಕ್ಕೆ.

ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಅಷ್ಟೇ, ನಿಮ್ಮ ಪರಿಚಯದ ಹೋಟೆಲಿನ ಅಂಕಿ ಹಾಕಿ ನೋಡಬಹುದು. ದೋಸೆ 100 ರೂಪಾಯಿ. ಅಕ್ಕಿ, ಉದ್ದು, ಎಣ್ಣೆ, ಗ್ಯಾಸು ಸೇರಿ 40. ಸಂಬಳ, ಬಾಡಿಗೆ, ಕರೆಂಟು 45. ಉಳಿಯೋದು 15. ಆ್ಯಪ್ ಕಮಿಷನ್ ಶೇ. 25 ಅಂತ ಇಟ್ಕೊಳ್ಳಿ. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದ್ರೆ ಒಟ್ಟು 29.50. ಶೇ. 5 ಜಿಎಸ್‌ಟಿ ಹಾಕುವ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. 2017ರ ನವೆಂಬರ್‌ನಿಂದ ಇದೇ ನಿಯಮ. ಹಾಗಾಗಿ ಆ ನಾಲ್ಕೂವರೆ ರೂಪಾಯಿ ವಾಪಸ್ ಬರೋದಿಲ್ಲ.

15 ಉಳಿಯೋ ಕಡೆ 29.50 ಕೊಟ್ಟರೆ ನಷ್ಟ ಅಲ್ವಾ? ಅಷ್ಟು ಸುಲಭ ಇಲ್ಲ. ಆ್ಯಪ್ ಕಂಪನಿಯ ವಾದದಲ್ಲೂ ಹುರುಳಿದೆ. ಸಂಬಳ, ಬಾಡಿಗೆ ಹೇಗೂ ಕೊಡಲೇಬೇಕು. ಮಧ್ಯಾಹ್ನ ನಾಲ್ಕಕ್ಕೆ ಕಾವಲಿ ಖಾಲಿ, ನಮ್ಮ ಕೆಲಸವಿಲ್ಲದ ಸರ್ವರ್ ಇದ್ದ ಹಾಗೆ. ಆಗ ದೂರದ ಹೊಸ ಗಿರಾಕಿಯೊಬ್ಬರು ತರಿಸಿಕೊಂಡರೆ 100ರಲ್ಲಿ 40 ಸಾಮಾನಿಗೆ, 29.50 ಆ್ಯಪಿಗೆ ಹೋಗಿ, ಹೆಚ್ಚುವರಿಯಾಗಿ 30.50 ಗಲ್ಲಾಕ್ಕೆ ಬಂತು. ಲಾಭವೇ.

ಆದರೆ ದಿನಾ ನಡ್ಕೊಂಡು ಬರ್ತಿದ್ದ ಹಳೇ ಗಿರಾಕಿ ಸೋಫಾದಿಂದಲೇ ತರಿಸಿದರೆ? ಸುಮ್ಮನೆ 29.50 ಕೈಬಿಟ್ಟಿತು. ಅಂದ್ರೆ ಹತ್ತು ಆ್ಯಪ್ ಆರ್ಡರುಗಳಲ್ಲಿ ಐದು ಹೊಸಬರದು, ಐದು ಹಳಬರದು ಆದರೆ ಹೆಚ್ಚುಕಮ್ಮಿ ಸರಿಸಮ, ಐದೇ ರೂಪಾಯಿ ಲಾಭ. ಆರು ಹಳಬರದು ಆದರೆ 55 ರೂಪಾಯಿ ನಷ್ಟ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಕ್ಯೂ ಇದ್ದಾಗ ಕಾವಲಿಯೂ ಖಾಲಿ ಇರೋದಿಲ್ಲ. ಆಗ ಪಾರ್ಸೆಲ್ ದೋಸೆ ಮೇಜಿನ ಮುಂದೆ ಕೂತವರ ದೋಸೆಯನ್ನೇ ತಡ ಮಾಡುತ್ತೆ.

ಈಗ ಅಸಲು ಸಮಸ್ಯೆಗೆ ಬರೋಣ. ಬಂದ ಆರ್ಡರ್ ಹೊಸಬರದ್ದೋ ಹಳಬರದ್ದೋ ಅಂತ ಮಾಲೀಕರಿಗೆ ಗೊತ್ತಾಗೋದು ಹೇಗೆ? ಮೊದಲು ಗಲ್ಲಾದಲ್ಲಿ ಕೂತರೆ ಮುಖ ಕಾಣ್ತಿತ್ತು. ರೆಸ್ಟೋರೆಂಟ್ ಮಾಲೀಕರ ಸಂಘವಾದ ಎನ್‌ಆರ್‌ಎಐ ಸ್ಪರ್ಧಾ ಆಯೋಗಕ್ಕೆ ಕೊಟ್ಟ ದೂರಿನಲ್ಲಿ ಗಿರಾಕಿಗಳ ವಿವರ ಮುಚ್ಚಿಡುವ ವಿಷಯವೂ ಇತ್ತು. 2022ರ ಏಪ್ರಿಲ್‌ನಲ್ಲಿ ಆಯೋಗ ಝೊಮ್ಯಾಟೊ, ಸ್ವಿಗ್ಗಿ ಮೇಲೆ ತನಿಖೆಗೆ ಆದೇಶಿಸಿತು. ಕಮಿಷನ್ ಎಷ್ಟು ಅನ್ನೋದಕ್ಕಿಂತ, ತನ್ನ ಗಿರಾಕಿ ಯಾರು ಅನ್ನೋದೇ ಹೋಟೆಲಿನವರಿಗೆ ಕಾಣದೆ ಹೋಗೋದು ನನಗೆ ದೊಡ್ಡ ವಿಷಯವಾಗಿ ಕಾಣುತ್ತೆ. ಕಟ್ಟಡ ಒಡೆದು ಮತ್ತೆ ಕಟ್ಟಿದಾಗ ವಾಪಸ್ ಬಂದು ಹೋಟೆಲ್ ತೆರೆಯಬೇಕಾ ಬೇಡವಾ ಅಂತ ಮಾಲೀಕರು ನಿರ್ಧರಿಸೋದು ಈ ಗಿರಾಕಿಗಳ ಧೈರ್ಯದ ಮೇಲೆ.

ಆ್ಯಪ್ ಅಳಿಸಿಹಾಕಿ ಅಂತ ನಾನು ಹೇಳೋದಿಲ್ಲ. ಗೊತ್ತಿಲ್ಲದ ಹೋಟೆಲ್ ಹುಡುಕೋಕೆ ಬಳಸಿ. ಗೊತ್ತಿರೋ ಹೋಟೆಲಿಗೆ ನಡ್ಕೊಂಡು ಹೋಗಿ. ಆಗಲ್ವಾ, ನೇರ ಫೋನ್ ಮಾಡಿ, ಯುಪಿಐಯಲ್ಲಿ ದುಡ್ಡು ಹಾಕಿ, ಆಫೀಸಿಂದ ಬರ್ತಾ ಪಾರ್ಸೆಲ್ ತಗೊಳ್ಳಿ. ಹೋಟೆಲಿನವರು ಪರಿಚಯ ಇದ್ದರೆ ಒಂದು ಸಣ್ಣ ಕೆಲಸ ಹೇಳಿ: ಪ್ರತಿ ಆ್ಯಪ್ ಪಾರ್ಸೆಲ್ಲಿನಲ್ಲಿ ತಮ್ಮ ಫೋನ್ ನಂಬರಿನ ಚೀಟಿ ಹಾಕಲಿ. ಒಂದು ತಿಂಗಳು ಯಾರು ಯಾರು ಫೋನ್ ಮಾಡ್ತಾರೆ ಬರೆದಿಡಲಿ. ಹಳೇ ಗಿರಾಕಿಗಳು ಎಷ್ಟು ಅಂತ ಅಂದಾಜು ಸಿಕ್ಕಿಬಿಡುತ್ತೆ. ಅದಕ್ಕೆ ಸಾಫ್ಟ್‌ವೇರ್ ಬೇಡ, ಒಂದು ನೋಟ್‌ಬುಕ್ ಸಾಕು.