ಇಳಿದಿರಬೇಕು, ಇಳಿಯಬೇಕಿತ್ತು



ಇಂಗ್ಲಿಷ್ ಬರೆಯುವಾಗ ಕಾಲೇಜು ವಿದ್ಯಾರ್ಥಿಗಳೂ ಎಡವುವ ಒಂದು ಜಾಗವನ್ನು ಇಂದು ನೋಡೋಣ. ಅದಕ್ಕೆ ಬೆಂಗಳೂರಿನ ನಾಯಂಡಹಳ್ಳಿಯನ್ನೇ ಪಾಠಶಾಲೆ ಮಾಡಿಕೊಳ್ಳೋಣ.

ಮೆಟ್ರೋ ಮಾರ್ಗವು ಮೈಸೂರು ರಸ್ತೆ ನಿಲ್ದಾಣದಿಂದ ಕೆಂಗೇರಿಯವರೆಗೆ ವಿಸ್ತರಣೆಯಾದದ್ದು 2021ರ ಆಗಸ್ಟ್‌ನಲ್ಲಿ. ಆ ಭಾಗದ ಮೊದಲ ನಿಲ್ದಾಣ ನಾಯಂಡಹಳ್ಳಿ, ಮುಂದಿನದು ರಾಜರಾಜೇಶ್ವರಿ ನಗರ. ನಾಯಂಡಹಳ್ಳಿಯಲ್ಲಿ ಇಳಿಯಬೇಕಾದ ಗೆಳೆಯನೊಬ್ಬ ನಿಮ್ಮೊಡನೆ ರೈಲು ಹತ್ತಿದ್ದಾನೆ ಎನ್ನಿ. ರಾಜರಾಜೇಶ್ವರಿ ನಗರ ಬಂದಾಗ ಅವನು ಕಾಣದಿದ್ದರೆ ‘ಇಳಿದಿರಬೇಕು’ ಎನ್ನುತ್ತೀರಿ. ಮೂಲೆಯಲ್ಲಿ ತೂಕಡಿಸುತ್ತ ಕುಳಿತಿದ್ದರೆ ‘ಇಳಿಯಬೇಕಿತ್ತು’ ಎನ್ನುತ್ತೀರಿ. ಮೊದಲನೆಯದರಲ್ಲಿ ಅವನು ಇಳಿದನೆಂಬ ಊಹೆ ಇದೆ. ಎರಡನೆಯದರಲ್ಲಿ ಅವನು ಇಳಿಯಲೇ ಇಲ್ಲ. ಆದರೆ ಎರಡರಲ್ಲೂ ಇರುವುದು ಅದೇ ‘ಬೇಕು’. ನಮ್ಮ ತೊಡಕಿನ ಮೂಲ ಇಲ್ಲಿದೆ.

ಕನ್ನಡವು ‘ಬೇಕು’ವನ್ನು ಇಟ್ಟುಕೊಂಡು ಭೂತಕಾಲದ ಗುರುತನ್ನು ಜರುಗಿಸುತ್ತದೆ. ‘ಇಳಿದು’ ಎಂಬಲ್ಲಿ ಅದು ಕ್ರಿಯೆಗೆ ಅಂಟಿದೆ, ‘ಬೇಕಿತ್ತು’ ಎಂಬಲ್ಲಿ ‘ಬೇಕು’ವಿಗೆ ಅಂಟಿದೆ. ಇಂಗ್ಲಿಷ್ ಮಾಡುವುದು ಇದಕ್ಕೆ ವಿರುದ್ಧ. ಅಲ್ಲಿ ‘ಹ್ಯಾವ್ ಗಾಟ್ ಆಫ್’ ಎಂಬ ಭಾಗ ಕದಲುವುದಿಲ್ಲ, ಮುಂದಿನ ಸಹಾಯಕ ಕ್ರಿಯಾಪದ ಬದಲಾಗುತ್ತದೆ. ‘ಇಳಿದಿರಬೇಕು’ ಎನ್ನಲು ‘ಮಸ್ಟ್ ಹ್ಯಾವ್ ಗಾಟ್ ಆಫ್’. ‘ಇಳಿಯಬೇಕಿತ್ತು’ ಎನ್ನಲು ‘ಶುಡ್ ಹ್ಯಾವ್ ಗಾಟ್ ಆಫ್’. ಹಾಗೆಯೇ ‘ಇಳಿದಿರಬಹುದು’ ಎಂದರೆ ‘ಮೈಟ್ ಹ್ಯಾವ್’, ‘ಇಳಿಯಬಹುದಿತ್ತು’ ಎಂದರೆ ‘ಕುಡ್ ಹ್ಯಾವ್’. ‘ಇಳಿದಿರಲಾರ’ ಎಂಬುದಕ್ಕೆ ‘ಕಾಂಟ್ ಹ್ಯಾವ್’. ‘ಇಳಿಯಬಾರದಿತ್ತು’ ಎಂಬುದಕ್ಕೆ ‘ಶುಡಂಟ್ ಹ್ಯಾವ್’. ಇಲ್ಲಿ ಅವನು ಇಳಿದದ್ದಾಗಿದೆ ಎಂಬುದನ್ನು ಗಮನಿಸಿ.

ವಿಜ್ಞಾನ ಓದುವವರು ಇದನ್ನು ಸೂತ್ರದಂತೆ ನೆನಪಿಡಬಹುದು: ಸಹಾಯಕ ಕ್ರಿಯಾಪದ, ಹ್ಯಾವ್, ಕ್ರಿಯಾಪದದ ಮೂರನೆಯ ರೂಪ, ಕೊನೆಗೆ ಆಫ್, ಅಪ್, ಡೌನ್ ಮುಂತಾದ ಬಾಲ. ಇಂಥ ಬಾಲವಿರುವ ಕ್ರಿಯಾಪದಗಳೇ ಫ್ರೇಸಲ್ ವರ್ಬ್‌ಗಳು. ರೂಪ ಬದಲಾಗುವುದು ಕ್ರಿಯಾಪದಕ್ಕೆ ಮಾತ್ರ, ಬಾಲಕ್ಕಲ್ಲ. ‘ಗಿವ್ ಅಪ್’ ಇದ್ದದ್ದು ‘ಗಿವನ್ ಅಪ್’ ಆಗುತ್ತದೆ. ಅವನು ಎಂಬಲ್ಲಿ ‘ಹ್ಯಾಸ್’ ಬರೆಯುವ ಅಭ್ಯಾಸ ಇಲ್ಲಿ ಸಲ್ಲದು. ಕರ್ತೃ ಯಾರೇ ಆಗಲಿ, ‘ಹ್ಯಾವ್’ ‘ಹ್ಯಾವ್’ ಆಗಿಯೇ ಇರುತ್ತದೆ.

ಇನ್ನೊಂದು ನಿಯಮ. ಮೇಲಿನ ಟ್ಯಾಂಕ್ ತುಂಬಿ ನೀರು ಚೆಲ್ಲುತ್ತಿದೆ, ಮೋಟರ್ ಆಫ್ ಮಾಡುವವರಿಲ್ಲ. ಆಗ ‘ಯು ಶುಡ್ ಹ್ಯಾವ್ ಟರ್ನ್ಡ್ ಆಫ್ ದ ಮೋಟರ್’ ಎಂದರೂ ಸರಿ, ‘ಟರ್ನ್ಡ್ ದ ಮೋಟರ್ ಆಫ್’ ಎಂದರೂ ಸರಿ. ಆದರೆ ಮೋಟರಿನ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಟರ್ನ್ಡ್ ಇಟ್ ಆಫ್’. ಎಲ್ಲ ಫ್ರೇಸಲ್ ವರ್ಬ್‌ಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ‘ರೈಲಿನಿಂದ ಇಳಿ’ ಎಂಬ ಅರ್ಥದ ‘ಗೆಟ್ ಆಫ್’ ಬಿಡಿಸಲಾಗದ ಜೋಡಿ. ‘ಗಾಟ್ ಆಫ್ ದ ಟ್ರೇನ್’ ಎಂದೇ ಹೇಳಬೇಕು.

ಇದೆಲ್ಲ ಅಂಕಗಳಿಗಾಗಿ ಮಾತ್ರವೇ? ಮೈಸೂರು ರಸ್ತೆಗೆ ಹೊರ ವರ್ತುಲ ರಸ್ತೆ ಕೂಡುವ ನಾಯಂಡಹಳ್ಳಿ ಜಂಕ್ಷನ್‌ನಲ್ಲಿ ಬಸ್ಸಿಗೆ ಸ್ಕೂಟರೊಂದು ತಾಗಿತು ಎನ್ನಿ. ಅಲ್ಲಿದ್ದ ಹಿರಿಯರೊಬ್ಬರು ತಮ್ಮ ಹೇಳಿಕೆಯನ್ನು ನಿಮ್ಮಿಂದ ಇಂಗ್ಲಿಷಿನಲ್ಲಿ ಬರೆಸುತ್ತಾರೆ. ‘ಡ್ರೈವರ್ ನಿಧಾನ ಮಾಡಿರಬೇಕು’ ಎಂಬುದು ಅವರ ಮಾತು. ಅಂದರೆ ‘ಮಸ್ಟ್ ಹ್ಯಾವ್ ಸ್ಲೋಡ್ ಡೌನ್’. ನೀವು ‘ಶುಡ್’ ಎಂದು ಬರೆದರೆ ‘ನಿಧಾನ ಮಾಡಬೇಕಿತ್ತು, ಮಾಡಲಿಲ್ಲ’ ಎಂದಾಗುತ್ತದೆ. ಆಡಿದ್ದು ಊಹೆ, ಬರೆದದ್ದು ಆರೋಪ. ಒಂದು ಪದದಿಂದ ಒಬ್ಬನ ಕೆಲಸಕ್ಕೇ ಕುತ್ತು ಬರಬಹುದು.

ಆದ್ದರಿಂದ ಬರೆಯುವ ಮುನ್ನ ‘ಕೆಲಸ ನಡೆಯಿತೇ, ಇಲ್ಲವೇ?’ ಎಂದು ಕೇಳಿಕೊಳ್ಳಿ. ನಡೆದಿದೆ ಎಂಬ ಬಲವಾದ ಊಹೆಯಿದ್ದರೆ ‘ಮಸ್ಟ್’. ನಡೆಯಬೇಕಾಗಿದ್ದೂ ನಡೆಯದಿದ್ದರೆ ‘ಶುಡ್’.

ನಿಮಗೊಂದು ಅಭ್ಯಾಸ: ‘ಅವಳು ಅರ್ಜಿ ತುಂಬಿರಬೇಕು’, ‘ತುಂಬಬೇಕಿತ್ತು’, ‘ತುಂಬಬಹುದಿತ್ತು’. ‘ಫಿಲ್ ಇನ್’ ಬಳಸಿ ಮೂರನ್ನೂ ಇಂಗ್ಲಿಷಿನಲ್ಲಿ ಬರೆಯಿರಿ. ಆಮೇಲೆ ಅರ್ಜಿಯ ಬದಲು ‘ಇಟ್’ ಹಾಕಿ ಮತ್ತೊಮ್ಮೆ ಬರೆದು ನೋಡಿ.