ವ್ರತ ತೊಟ್ಟ ತರುಣ: ಮಾಸ್ಟರ್ ವಿನಾಯಕರ ಚಿತ್ರಜೀವನ



ಮಾಸ್ಟರ್ ವಿನಾಯಕ ಎಂದು ಹೆಸರಾದ ವಿನಾಯಕ ದಾಮೋದರ ಕರ್ನಾಟಕಿಯವರು 1906ರ ಜನವರಿ 19ರಂದು ಕೊಲ್ಹಾಪುರದಲ್ಲಿ ಹುಟ್ಟಿದರು, 1947ರ ಆಗಸ್ಟ್ 19ರಂದು ತೀರಿಕೊಂಡರು. ಬದುಕಿದ್ದು ನಲವತ್ತೊಂದು ವರ್ಷ. ಅದರಲ್ಲಿ ನಿರ್ದೇಶಕರಾಗಿ ದುಡಿಯಲು ಸಿಕ್ಕಿದ್ದು ಸುಮಾರು ಹನ್ನೆರಡು ವರ್ಷ. ಇಷ್ಟು ಚಿಕ್ಕ ಚಿತ್ರಜೀವನವನ್ನೂ ಎರಡಾಗಿ ಸೀಳಿ ನೋಡುವ ರೂಢಿಯೊಂದು ಬೆಳೆದುಬಂದಿದೆ. ವಿ. ಸ. ಖಾಂಡೇಕರರ ಕತೆಗಳನ್ನು ಕಣ್ಣೀರಿನ ಚಿತ್ರಗಳನ್ನಾಗಿಸಿದ ವಿನಾಯಕರು ಒಬ್ಬರು, ಆಚಾರ್ಯ ಅತ್ರೆಯವರ ಬರವಣಿಗೆಯಿಂದ ಮಹಾರಾಷ್ಟ್ರವನ್ನು ನಗಿಸಿದ ವಿನಾಯಕರು ಮತ್ತೊಬ್ಬರು ಎಂಬಂತೆ ಅವರ ಬಗ್ಗೆ ಬರೆಯಲಾಗುತ್ತದೆ. ಈ ವಿಭಜನೆಯನ್ನು ನಾನು ಒಪ್ಪುವುದಿಲ್ಲ. ಅಳಿಸಿದ ಚಿತ್ರಗಳಲ್ಲಿಯೂ ನಗಿಸಿದ ಚಿತ್ರಗಳಲ್ಲಿಯೂ ಅವರು ಹಿಂಬಾಲಿಸಿದ್ದು ಒಬ್ಬನನ್ನೇ: ಓದು ಬರಹ ಬಲ್ಲ, ದೊಡ್ಡ ಆದರ್ಶವೊಂದನ್ನು ನಂಬಿ ಹೊರಟ, ಮನೆ, ಹಣ, ದೇಹ ಇವುಗಳ ಎದುರು ಆ ಆದರ್ಶವನ್ನು ಉಳಿಸಿಕೊಳ್ಳಲು ಹೆಣಗುವ ಮಧ್ಯಮವರ್ಗದ ತರುಣನನ್ನು. ಮರಾಠಿ ಚಿತ್ರಕ್ಕೆ ಆ ತರುಣನನ್ನು ಕರೆತಂದದ್ದೇ ವಿನಾಯಕರ ನಿಜವಾದ ಸಾಧನೆ.

ಇದು ಎಷ್ಟು ದೊಡ್ಡ ತಿರುವು ಎಂಬುದು ಆ ಕಾಲದ ಕೊಲ್ಹಾಪುರವನ್ನು ನೋಡಿದರೆ ತಿಳಿಯುತ್ತದೆ. ಬಾಬುರಾವ್ ಪೇಂಟರ್ ಅಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿದ್ದರು. ಅದರಿಂದ ಹೊರಬಂದವರು 1929ರಲ್ಲಿ ಪ್ರಭಾತ್ ಕಂಪನಿಯನ್ನು ಅಲ್ಲೇ ಆರಂಭಿಸಿದರು. ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಚಿತ್ರೀಕರಣವಾದದ್ದೂ ಆ ಊರಿನ ಛತ್ರಪತಿ ಸಿನೆಟೋನ್‌ನಲ್ಲಿ. ಊರಿನಲ್ಲಿ ಕುಶಲಕರ್ಮಿಗಳಿಗೆ ಕೊರತೆಯಿರಲಿಲ್ಲ, ಆದರೆ ಅವರ ಕೌಶಲ ಬಹುಪಾಲು ಸಲ್ಲುತ್ತಿದ್ದುದು ಪುರಾಣಕ್ಕೆ ಮತ್ತು ಶಿವಾಜಿ ಕಾಲದ ಇತಿಹಾಸಕ್ಕೆ. ವಿನಾಯಕರೂ ಅದೇ ಗರಡಿಯಲ್ಲಿ ಪಳಗಿದವರು. ಪ್ರಭಾತ್‌ನ 1932ರ 'ಅಯೋಧ್ಯೇಚಾ ರಾಜಾ'ದಲ್ಲಿ ಅವರು ನಾರದ. 1933ರಲ್ಲಿ ಪ್ರಭಾತ್ ಪುಣೆಗೆ ಸ್ಥಳಾಂತರಗೊಂಡಿತು. 1936ರಲ್ಲಿ ವಿನಾಯಕರು ಬಾಬುರಾವ್ ಪೆಂಢಾರ್ಕರ್ ಮತ್ತು ಛಾಯಾಗ್ರಾಹಕ ಪಾಂಡುರಂಗ ನಾಯಕರ ಜೊತೆ ಕೊಲ್ಹಾಪುರದಲ್ಲಿ ಹಂಸ ಪಿಕ್ಚರ್ಸ್ ಆರಂಭಿಸಿದರು. ಹೊಸ ಕಂಪನಿ ಮೊದಲ ಚಿತ್ರಕ್ಕೆ ದೇವರ ಕತೆಯನ್ನು ಹುಡುಕಲಿಲ್ಲ. ಬದುಕಿದ್ದು ಬರೆಯುತ್ತಿದ್ದ ಕಾದಂಬರಿಕಾರನೊಬ್ಬನ ಬಾಗಿಲು ತಟ್ಟಿತು. ವಿ. ಎಂ. ಇನಾಮದಾರರ ಅನುವಾದಗಳಿಂದ ಕನ್ನಡಿಗರಿಗೂ ಆಪ್ತರಾದ ಖಾಂಡೇಕರರು ಹೀಗೆ ಚಿತ್ರರಂಗಕ್ಕೆ ಬಂದರು. ಆ ಮೊದಲ ಚಿತ್ರ 'ಛಾಯಾ'ದಲ್ಲಿ ಅರಮನೆಯಿಲ್ಲ, ಮಾಯಾಜಾಲವಿಲ್ಲ. ಬಡತನವಿದೆ, ಬಡವನಾದ ತಪ್ಪಿಗೆ ಸಮಾಜ ವಿಧಿಸುವ ಶಿಕ್ಷೆಯಿದೆ.

ಎರಡು ವರ್ಷಗಳ ನಂತರ ಬಂದ 'ಬ್ರಹ್ಮಚಾರಿ' ನನ್ನ ವಾದಕ್ಕೆ ಮುಖ್ಯ ಸಾಕ್ಷಿ. ಅದೇ 1938ರಲ್ಲಿ ಹಂಸ ಸಂಸ್ಥೆ ತೆಗೆದ 'ಜ್ವಾಲಾ' ಅದ್ದೂರಿ ವೇಷಭೂಷಣಗಳ ಭಾರೀ ಚಿತ್ರ. ಅದು ಸೋತು ಕಂಪನಿಯನ್ನು ಸಂಕಟಕ್ಕೆ ತಳ್ಳಿತು. ಕೈಹಿಡಿದದ್ದು ಅತ್ರೆಯವರ ಈ ಹಾಸ್ಯ. ಇದರ ನಾಯಕ ಔದುಂಬರ. ಆ ಪಾತ್ರವನ್ನು ವಿನಾಯಕರೇ ವಹಿಸಿದರು. ಬ್ರಹ್ಮಚರ್ಯ ಮತ್ತು ದೇಶಸೇವೆಯ ಕುರಿತ ಭಾಷಣವೊಂದನ್ನು ಕೇಳಿ ಉತ್ಸಾಹಗೊಂಡ ಔದುಂಬರ, ಚಿತ್ರತಾರೆಯರ ಪಟಗಳನ್ನೆಲ್ಲ ಎಸೆದು ವ್ರತ ತೊಟ್ಟು ಆಶ್ರಮದಂಥ ಸಂಸ್ಥೆಯೊಂದನ್ನು ಸೇರುತ್ತಾನೆ. ಅಲ್ಲಿಗೆ ಕಿಶೋರಿ ಬರುತ್ತಾಳೆ, ವ್ರತ ಅಲುಗಾಡುತ್ತದೆ. ನಗು ಹುಟ್ಟುವುದು ಎಲ್ಲಿಂದ ಎಂಬುದನ್ನು ಗಮನಿಸಬೇಕು. ಔದುಂಬರ ದಡ್ಡನೂ ಅಲ್ಲ, ಕಪಟಿಯೂ ಅಲ್ಲ. ಅವನ ನಂಬಿಕೆ ಪೂರ್ತಿ ಪ್ರಾಮಾಣಿಕ. ಆ ಪ್ರಾಮಾಣಿಕತೆಯೇ ಅವನನ್ನು ಹಾಸ್ಯಕ್ಕೀಡು ಮಾಡುತ್ತದೆ. ರಾಷ್ಟ್ರಕ್ಕಾಗಿ ದೇಹವನ್ನು ದಂಡಿಸಬೇಕೆಂಬ ಮಾತು ಊರೂರಿನ ವೇದಿಕೆಗಳಿಂದ ಕೇಳಿಬರುತ್ತಿದ್ದ ದಶಕದಲ್ಲಿ, ಆ ಮಾತನ್ನು ಅಕ್ಷರಶಃ ನಂಬಿದ ಹುಡುಗನ ಗತಿಯೇನು ಎಂದು ಈ ಚಿತ್ರ ಕೇಳಿತು. 'ಛಾಯಾ'ದಲ್ಲಿ ಪ್ರಾಮಾಣಿಕರನ್ನು ಮುರಿಯುವುದು ಬಡತನ, ಇಲ್ಲಿ ಮುರಿಯುವುದು ಸಹಜವಾದ ಆಸೆ. ಒಂದು ಅಳಿಸುತ್ತದೆ, ಇನ್ನೊಂದು ನಗಿಸುತ್ತದೆ, ಪ್ರಶ್ನೆ ಒಂದೇ.

ಆ ಚಿತ್ರ ಓಡಿದ್ದು ಕಿಶೋರಿಯ ಪಾತ್ರದ ಮೀನಾಕ್ಷಿ ಶಿರೋಡ್ಕರ್ ಈಜುಡುಗೆಯಲ್ಲಿ ಕಾಣಿಸಿಕೊಂಡ ಕೊಳದ ಹಾಡಿನಿಂದ ಎಂಬ ಆಕ್ಷೇಪ ಹಳೆಯದು. ಆ ಹಾಡು ಗಲ್ಲಾಪೆಟ್ಟಿಗೆಗೆ ನೆರವಾಯಿತೆಂಬುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ದೃಶ್ಯವನ್ನು ಕಿತ್ತುಹಾಕಿದರೆ ಕತೆ ನಿಲ್ಲುವುದಿಲ್ಲ. ಔದುಂಬರನ ವ್ರತಕ್ಕೆ ಎದುರಾಗಬೇಕಾದದ್ದು ಪುಸ್ತಕದ ಪ್ರಲೋಭನೆಯಲ್ಲ, ಕಣ್ಣೆದುರಿನ ಜೀವಂತ ಹೆಣ್ಣು. ಅವಳೋ ತನ್ನ ಇಷ್ಟವನ್ನು ತಾನೇ ಹೇಳಬಲ್ಲವಳು. ಅಂದಿನ ಪರದೆಯ ಮೇಲೆ ಅಂಥ ದಿಟ್ಟ ಹೆಣ್ಣು ಅಪರೂಪ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ಇವೆಲ್ಲ ಲೇಖಕರ ಗೆಲುವುಗಳು, ನಿರ್ದೇಶಕನದೇನು? ಅತ್ರೆಯವರು ಮುಂದೆ ತಾವೇ ನಿರ್ದೇಶಿಸಿದ 'ಶ್ಯಾಮಚಿ ಆಯಿ' 1953ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಚಿನ್ನದ ಪದಕ ಪಡೆಯಿತು ಎಂಬುದು ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. ಆದರೆ ವಿನಾಯಕರಿಗಾಗಿ ಬರೆದವರು ಒಬ್ಬರಲ್ಲ. ಖಾಂಡೇಕರರು ಭಾವುಕ ಆದರ್ಶವಾದಿ, ಅತ್ರೆಯವರು ಅಬ್ಬರದ ವಿಡಂಬನಕಾರ, 'ಲಗ್ನ ಪಹಾವೇ ಕರೂನ್' (1940) ಮತ್ತು 'ಸರ್ಕಾರಿ ಪಾಹುಣೆ' (1942) ಚಿತ್ರಗಳಿಗೆ ಒದಗಿದ ಚಿಂ. ವಿ. ಜೋಶಿಯವರು ಮೆಲುದನಿಯ ಗೃಹಹಾಸ್ಯದವರು. ಮೂವರ ಮನೋಧರ್ಮವೂ ಒಂದಕ್ಕೊಂದು ಒಗ್ಗದಂಥದು. ಆದರೂ ಮೂವರ ಕತೆಗಳೂ ಬಂದು ತಲುಪಿದ್ದು ಒಂದೇ ವರ್ಗದ ಮನೆಯಂಗಳಕ್ಕೆ. ಅತ್ರೆಯವರದೇ 'ಬ್ರ್ಯಾಂಡೀಚಿ ಬಾಟ್ಲಿ'ಯಲ್ಲಿ (1939) ಬ್ರಾಂದಿಯೆಂದರೇನೆಂದೇ ಅರಿಯದ ಗುಮಾಸ್ತ ಬಗಾರಾಮ ಅದನ್ನು ಹುಡುಕುತ್ತ ಊರೆಲ್ಲ ಅಲೆಯುತ್ತಾನೆ. ದಾಮುಅಣ್ಣ ಮಾಲವಣಕರ್ ನಟಿಸಿದ ಆ ಗುಮಾಸ್ತನೂ ಔದುಂಬರನ ಬಡ ದಾಯಾದಿಯೇ. ಯಾವ ಕತೆ ಬೇಕು, ಅದನ್ನು ಯಾರಿಂದ ಬರೆಸಬೇಕು ಎಂದು ತೀರ್ಮಾನಿಸುವುದೂ ನಿರ್ದೇಶನದ ಭಾಗವೆಂದು ಒಪ್ಪಿದರೆ ವಿನಾಯಕರ ಪಾಲು ತಾನಾಗಿ ಸ್ಪಷ್ಟವಾಗುತ್ತದೆ.

ಅವರ ಚಿತ್ರಗಳಲ್ಲಿ ಮಾತು ಹೆಚ್ಚು, ದೃಶ್ಯ ಕಡಿಮೆ ಎಂಬುದನ್ನು ಮಾತ್ರ ನಾನು ಬಹುಮಟ್ಟಿಗೆ ಒಪ್ಪುತ್ತೇನೆ. 'ಸಂತ ತುಕಾರಾಮ'ದಲ್ಲಿ (1936) ದಾಮ್ಲೆ ಮತ್ತು ಫತ್ತೇಲಾಲ್ ಸಾಧಿಸಿದ ಸರಳ ದೃಶ್ಯಶಕ್ತಿಯಾಗಲಿ, 'ಕುಂಕೂ'ವಿನಲ್ಲಿ (1937) ಶಾಂತಾರಾಮರು ವಸ್ತುಗಳಿಂದಲೂ ಸದ್ದುಗಳಿಂದಲೂ ಹೊರಡಿಸಿದ ಅರ್ಥವಾಗಲಿ ವಿನಾಯಕರಲ್ಲಿ ಇಲ್ಲ. ವರ್ತಮಾನವನ್ನು ತೆರೆಗೆ ತಂದವರಲ್ಲಿ ಅವರೇ ಮೊದಲಿಗರೂ ಅಲ್ಲ. ಪೇಂಟರ್ 1925ರಲ್ಲೇ 'ಸಾವಕಾರಿ ಪಾಶ್'ನಲ್ಲಿ ಸಾಲಗಾರ ರೈತನ ಗೋಳನ್ನು ತೋರಿಸಿದ್ದರು. ಆದರೆ ಆ ಚಿತ್ರ ಬೊಟ್ಟು ಮಾಡಿದ್ದು ಸಾಹುಕಾರನ ಕಡೆಗೆ, 'ಕುಂಕೂ' ಕೆಟ್ಟ ರೂಢಿಯ ಕಡೆಗೆ. ಸುಧಾರಣೆಯ ಭಾಷಣ ಕೇಳಿ ಚಪ್ಪಾಳೆ ತಟ್ಟುವ ನಮ್ಮನ್ನೇ ಪರೀಕ್ಷೆಗೆ ಒಡ್ಡಿದವರು ವಿನಾಯಕರು. ಅದಕ್ಕೆ ಮಾತೇ ಬೇಕಿತ್ತು, ಏಕೆಂದರೆ ಆ ವರ್ಗ ಬದುಕುತ್ತಿದ್ದುದೇ ಮಾತಿನಲ್ಲಿ: ಸಭೆ, ಪತ್ರಿಕೆ, ಪ್ರತಿಜ್ಞೆಗಳಲ್ಲಿ.

ಕೊನೆಯ ವರ್ಷಗಳು ಈ ವಾದವನ್ನು ತಿರುವುಮುರುವಾಗಿ ದೃಢಪಡಿಸುತ್ತವೆ. ಯುದ್ಧಕಾಲದಲ್ಲಿ ಕಚ್ಚಾ ಫಿಲ್ಮ್ ಸರ್ಕಾರದ ಹಿಡಿತಕ್ಕೆ ಹೋಯಿತು. ಮರಾಠಿಯ ಸಣ್ಣ ಮಾರುಕಟ್ಟೆ ಇನ್ನಷ್ಟು ಕುಗ್ಗಿತು. ಪ್ರಫುಲ್ಲ ಪಿಕ್ಚರ್ಸ್ ಕಟ್ಟಿದ ವಿನಾಯಕರು ಹಿಂದಿಯತ್ತ ಹೊರಳಿದರು. ತಂದೆ ದೀನಾನಾಥರನ್ನು ಕಳೆದುಕೊಂಡ ಎಳೆಯ ಲತಾ ಮಂಗೇಶ್ಕರ್‌ಗೆ ಆಸರೆಯಾದದ್ದು ಈ ಅವಧಿಯಲ್ಲೇ. ನೂರ್‌ಜಹಾನ್ ನಟಿಸಿದ 'ಬಡೀ ಮಾ' (1945) ಯುದ್ಧಪ್ರಚಾರಕ್ಕೆ ಒದಗುವ ಚಿತ್ರವಾಯಿತು. ಅಲ್ಲಿ ಆದರ್ಶವನ್ನು ಯಾರೂ ಪ್ರಶ್ನಿಸುವಂತಿಲ್ಲ, ಪಾಲಿಸಬೇಕು ಅಷ್ಟೆ. ಕಸುಬು ಕೈಬಿಟ್ಟಿತೆಂದು ಇದನ್ನು ವಿವರಿಸಲಾಗದು. ತಮ್ಮ ಮಾತಿನ ಒಳದನಿಯನ್ನು ಹಿಡಿಯಬಲ್ಲ ಪ್ರೇಕ್ಷಕರಿಂದ ಅವರು ದೂರವಾಗಿದ್ದರು. ಮರಾಠಿ ತೆರೆಯ ಮೇಲೆ ಗುಮಾಸ್ತನಿಗೂ ಬ್ರಹ್ಮಚಾರಿಗೂ ಜಾಗ ಮಾಡಿಕೊಟ್ಟ ನಿರ್ದೇಶಕ 1946ರಲ್ಲಿ ಹಿಂದಿ ಮಾರುಕಟ್ಟೆಗಾಗಿ 'ಸುಭದ್ರಾ' ತೆಗೆದು ಪುರಾಣಕ್ಕೇ ಮರಳಬೇಕಾಯಿತು. ಅವರು ಕೈಹಚ್ಚಿದ್ದ 'ಮಂದಿರ್' ಅವರ ಮರಣಾನಂತರ, ಇತರರ ಕೈಯಲ್ಲಿ ಮುಗಿದು 1948ರಲ್ಲಿ ತೆರೆಕಂಡಿತು.